ಅವಕಾಶ ಎಂದರೆ ರಜೆಯೋ, ಹಕ್ಕೋ? ಒಂದು ಪದವನ್ನು ಹಲವು ಭಾಷೆಗಳಲ್ಲಿ ಬೆನ್ನಟ್ಟುವ ಕ್ರಮ

‘ನಮ್ಮ ಅವಕಾಶ ಮಲಯಾಳಂನಲ್ಲಿ ಹಕ್ಕು ಆಗುತ್ತದಂತೆ, ಹಿಂದಿಯಲ್ಲಿ ರಜೆಯಂತೆ. ಇವುಗಳಲ್ಲಿ ಸರಿ ಯಾವುದು?’ ಪದಗಳ ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಈ ಜಾತಿಯವು. ಪದ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಂದು ಸಾಲಿನ ಉತ್ತರ ಬೇಕಾದರೆ ಹೀಗಿದೆ: ಎಲ್ಲವೂ ಸರಿ, ಅವರವರ ಮನೆಯಲ್ಲಿ. ಆದರೆ ಇದರಿಂದ ಕೇಳಿದವರಿಗೆ ಸಮಾಧಾನವಾಗಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ನೀವೇ ಕುಳಿತು ಪತ್ತೆ ಮಾಡಿಕೊಳ್ಳುವ ಕ್ರಮವನ್ನು ಹಂತ ಹಂತವಾಗಿ ಬರೆದಿದ್ದೇನೆ. ಮಾದರಿಗೆ ‘ಅವಕಾಶ’ವನ್ನೇ ಇಟ್ಟುಕೊಳ್ಳೋಣ. ಇದು ಕೈಗೆ ಸುಲಭವಾಗಿ ಸಿಗುವ, ಆದರೆ ಬೇಗ ಮುಗಿಯದ ಪದ.

ಏನೇನು ಬೇಕು

ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಮೊಬೈಲ್, ಭಾನುವಾರದ ಒಂದು ಮಧ್ಯಾಹ್ನ. ಎಲ್ಲ ಲಿಪಿಗಳೂ ಬರಬೇಕೆಂದಿಲ್ಲ. ತೆಲುಗು ಲಿಪಿಯನ್ನು ಕನ್ನಡಿಗರು ಎರಡು ದಿನದಲ್ಲಿ ಓದುತ್ತಾರೆ, ದೇವನಾಗರಿ ಶಾಲೆಯಲ್ಲೇ ಬಂದಿರುತ್ತದೆ. ಉಳಿದದ್ದಕ್ಕೆ ಮೊಬೈಲಿನ ಲಿಪ್ಯಂತರ ಸಾಕು.

ನಿಘಂಟುಗಳು ಬೇಕು. ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ (1899), ಕನ್ನಡಕ್ಕೆ ಕಿಟೆಲ್ (1894) ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು, ಮಲಯಾಳಂಗೆ ಗುಂಡರ್ಟ್ (1872), ತೆಲುಗಿಗೆ ಬ್ರೌನ್, ಮರಾಠಿಗೆ ಮೋಲ್ಸ್‌ವರ್ತ್, ತಮಿಳಿಗೆ ಮದ್ರಾಸ್ ವಿಶ್ವವಿದ್ಯಾಲಯದ ಲೆಕ್ಸಿಕನ್. ಕಿಟೆಲ್ ಮತ್ತು ಗುಂಡರ್ಟ್ ಇಬ್ಬರೂ ಬಾಸೆಲ್ ಮಿಷನ್ನಿನ ಜರ್ಮನ್ನರು, ಇಬ್ಬರ ನಿಘಂಟೂ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಬ್ರೌನ್, ಮೋಲ್ಸ್‌ವರ್ತ್ ಮತ್ತು ತಮಿಳು ಲೆಕ್ಸಿಕನ್ ಚಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನೊಂದು ಸಾಮಗ್ರಿಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ: ಭಾರತದ ಸಂವಿಧಾನದ ಪ್ರಸ್ತಾವನೆ. ಅದು ಏಕೆ ಬೇಕು ಎಂಬುದನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ.

1. ಮೊದಲು ಮನೆಯ ಲೆಕ್ಕ ಬರೆಯಿರಿ

ಬೇರೆ ಭಾಷೆಗೆ ಹಾರುವ ಮೊದಲು ನಿಮ್ಮ ಕನ್ನಡದಲ್ಲಿ ಆ ಪದ ಬರುವ ಹತ್ತು ವಾಕ್ಯಗಳನ್ನು ಬರೆಯಿರಿ. ಅರ್ಥ ಬರೆಯಬೇಡಿ, ವಾಕ್ಯ ಬರೆಯಿರಿ. ‘ಅವಕಾಶ ಎಂದರೆ ಸಂದರ್ಭ’ ಎಂದು ಬರೆದ ಕ್ಷಣವೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಂತಾಗುತ್ತದೆ.

ನನ್ನ ಪಟ್ಟಿ ಹೀಗಿತ್ತು. ಅವಳಿಗೆ ಹಾಡುವ ಅವಕಾಶ ಸಿಕ್ಕಿತು. ಒಳಗೆ ಹೋಗಲು ಅವಕಾಶವಿಲ್ಲ. ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಸಂಶಯಕ್ಕೆ ಅವಕಾಶವೇ ಇಲ್ಲ. ಸ್ಥಳಾವಕಾಶದ ಕೊರತೆ. ಉತ್ತರ ಕೊಡಲು ಕಾಲಾವಕಾಶ ಬೇಕು. ಸಾವಕಾಶವಾಗಿ ಊಟ ಮಾಡಿ.

ಇನ್ನೊಮ್ಮೆ ಓದಿ. ಮೊದಲನೆಯದು ಒದಗಿಬಂದ ಸಂದರ್ಭ, ಎರಡನೆಯದು ಅನುಮತಿ, ಮೂರನೆಯದು ಕಾನೂನಿನ ಏರ್ಪಾಡು, ನಾಲ್ಕನೆಯದು ಎಡೆ. ಐದನೆಯದು ಅಕ್ಷರಶಃ ಜಾಗ, ಆರನೆಯದು ಗಡುವು, ಏಳನೆಯದಂತೂ ‘ನಿಧಾನ’. ಒಂದೇ ಕನ್ನಡದೊಳಗೆ ಪದ ಇಷ್ಟು ಮುಖ ತೋರಿಸುತ್ತಿರುವಾಗ ಮಲಯಾಳಂನಲ್ಲಿ ಇನ್ನೊಂದು ಮುಖ ಕಂಡರೆ ಬೆರಗಾಗುವುದೇಕೆ?

ಅರ್ಥವನ್ನು ಬದಲಿಸುತ್ತಿರುವುದು ಅಕ್ಕಪಕ್ಕದ ವಿಭಕ್ತಿ ಎಂಬುದನ್ನೂ ಗಮನಿಸಿ. (ವಿಭಕ್ತಿ ಎಂದರೆ ನಾಮಪದದ ಬಾಲಕ್ಕೆ ಅಂಟುವ -ಇಗೆ, -ಅಲ್ಲಿ, -ಅನ್ನು ಮುಂತಾದ ಪ್ರತ್ಯಯ.) ‘ನನಗೆ ಅವಕಾಶವಿದೆ’ ಎಂದರೆ ಮನುಷ್ಯನ ಪಾಲಿನ ಸಂದರ್ಭ. ‘ಕಾಯ್ದೆಯಲ್ಲಿ ಅವಕಾಶವಿದೆ’ ಎಂದರೆ ಬರಹದೊಳಗಿನ ಏರ್ಪಾಡು. ಪದ ಅದೇ, ಕ್ರಿಯಾಪದ ಅದೇ. ಬದಲಾದದ್ದು -ಗೆ ಮತ್ತು -ಅಲ್ಲಿ. ವ್ಯಾಕರಣವನ್ನು ಬಿಟ್ಟು ಅರ್ಥವನ್ನು ಮಾತ್ರ ಹುಡುಕಲು ಹೊರಟವರು ಎಡವುವುದು ಇಲ್ಲಿಯೇ.

2. ಬೇರನ್ನು ಅಗೆಯಿರಿ, ಆದರೆ ಅಲ್ಲಿಯೇ ಕೂರಬೇಡಿ

ಅವಕಾಶ ತತ್ಸಮ, ಅಂದರೆ ಸಂಸ್ಕೃತದಿಂದ ರೂಪ ಕೆಡದೆ ಬಂದ ಪದ. ‘ಅವ’ ಎಂಬ ಉಪಸರ್ಗಕ್ಕೆ (ಧಾತುವಿನ ಮುಂದೆ ಸೇರುವ ತುಣುಕು) ‘ಕಾಶ್’ ಎಂಬ ಧಾತು ಸೇರಿದೆ. ಕಾಶ್ ಎಂದರೆ ಹೊಳೆಯುವುದು, ಕಾಣಿಸುವುದು. ಆಕಾಶ, ಪ್ರಕಾಶಗಳು ಇದರ ಒಡಹುಟ್ಟಿದವು. ಸಂಸ್ಕೃತದಲ್ಲಿ ಅವಕಾಶ ಪುಲ್ಲಿಂಗ. ಮೊದಲ ಅರ್ಥ ತೆರವಾದ ಜಾಗ, ಎಡೆ, ಬಿಡುವು. ಅದರಿಂದ ಮುಂದೆ ಸಂದರ್ಭ. ‘ಅವಕಾಶಂ ದದಾತಿ’ ಎಂದರೆ ದಾರಿ ಬಿಡುತ್ತಾನೆ, ಜಾಗ ಕೊಡುತ್ತಾನೆ. ಅವಕಾಶ ಕೊಡುವುದೇ ಆಕಾಶದ ಲಕ್ಷಣ ಎಂದು ದರ್ಶನಗಳ ಚರ್ಚೆಯಲ್ಲಿ ಹೇಳುವುದುಂಟು. ಅಲ್ಲಿನ ಅವಕಾಶ ಇದೇ, ವಸ್ತುಗಳು ಇರಲು ಬೇಕಾದ ಎಡೆ. ಅಚ್ಚಗನ್ನಡದಲ್ಲಿ ಇದಕ್ಕೆ ಎಡೆ, ಇಂಬು, ತೆರಪು ಎಂಬ ಒಳ್ಳೆಯ ಪದಗಳಿವೆ.

ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು, ಉಪಸರ್ಗಕ್ಕೆ ಒಂದೇ ಅರ್ಥ ಅಂಟಿಸುವುದು. ಅವಮಾನ, ಅವಹೇಳನ, ಅವನತಿಗಳನ್ನು ನೋಡಿ ‘ಅವ ಎಂದರೆ ಕೆಟ್ಟದ್ದು’ ಎಂದು ತೀರ್ಮಾನಿಸಿದವರು ಅವಧಾನ, ಅವಲೋಕನ, ಅವತಾರಗಳ ಮುಂದೆ ತಬ್ಬಿಬ್ಬಾಗುತ್ತಾರೆ.

ಎರಡನೆಯದು ಹೆಚ್ಚು ಆಳ: ‘ಮೂಲದಲ್ಲಿ ಜಾಗ ಎಂದಿರುವುದರಿಂದ ಜಾಗ ಎನ್ನುವವರು ಮಾತ್ರ ಸರಿ’ ಎಂಬ ವಾದ. ಪದದ ಬೇರು ಅದು ಎಲ್ಲಿಂದ ಹೊರಟಿತು ಎಂಬುದನ್ನು ಹೇಳುತ್ತದೆ, ಈಗ ಎಲ್ಲಿ ವಾಸವಾಗಿದೆ ಎಂಬುದನ್ನಲ್ಲ. ಈ ವಾದ ಹಿಡಿದರೆ ಕನ್ನಡದ ‘ಅವಕಾಶ ಸಿಕ್ಕಿತು’ ಕೂಡ ಅರ್ಧ ತಪ್ಪಾಗಬೇಕು. ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರಿಗೆ ಮೂರು ಸಾಲು ಮೀಸಲಿಡಿ, ನಾಲ್ಕನೆಯದನ್ನು ಬರೆಯಬೇಡಿ.

3. ಪ್ರತಿ ಭಾಷೆಯಲ್ಲಿ ಪದದ ವೇಷ ಯಾವುದೆಂದು ಗೊತ್ತುಮಾಡಿಕೊಳ್ಳಿ

ನಿಘಂಟಿನಲ್ಲಿ ಪದ ಸಿಗಲಿಲ್ಲ ಎಂದು ಬರೆಯುವವರಲ್ಲಿ ಹೆಚ್ಚಿನವರು ತಪ್ಪು ರೂಪವನ್ನು ಹುಡುಕಿರುತ್ತಾರೆ. ತೆಲುಗು ಮತ್ತು ಮಲಯಾಳಂನಲ್ಲಿ ಕೊನೆಗೆ ‘ಅಂ’ ಸೇರಿಸಿ: ಅವಕಾಶಂ. ಹಿಂದಿ, ಮರಾಠಿಗಳಲ್ಲಿ ಬರಹ ನಮ್ಮದರಂತೆಯೇ ಇದ್ದರೂ ಕೊನೆಯ ‘ಅ’ ಉಚ್ಚಾರದಲ್ಲಿ ಬಿದ್ದುಹೋಗಿ ‘ಅವಕಾಶ್’ ಎಂದು ಕೇಳಿಸುತ್ತದೆ. ಬಂಗಾಳಿಯಲ್ಲಿ ‘ವ’ಕ್ಕೂ ‘ಬ’ಕ್ಕೂ ಒಂದೇ ಅಕ್ಷರ, ‘ಅ’ ಬಾಯಿಯಲ್ಲಿ ‘ಒ’ ಕಡೆಗೆ ಜಾರುತ್ತದೆ, ಅದು ‘ಒಬೊಕಾಶ್’. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ‘ಶ’ ಬದಲು ಚ-ಸಗಳ ಅಕ್ಷರ. ಬಾಯಿಯಲ್ಲಿ ಅದು ‘ಅವಗಾಸಂ’.

ಮಲಯಾಳಿಗಳ ಬಾಯಿಯಲ್ಲೂ ನಡುವಿನ ಕ ಮೆತ್ತಗಾಗಿ ಗ-ದಂತೆ ಕೇಳಿಸುತ್ತದೆ. ಕಿವಿಗೆ ಬಿದ್ದದ್ದನ್ನೇ ಟೈಪ್ ಮಾಡಿದರೆ ನಿಘಂಟು ಕೈಕೊಡುತ್ತದೆ.

4. ಒಂದೊಂದು ಭಾಷೆಯಿಂದ ಮೂರು ಪೂರ್ಣ ವಾಕ್ಯ ತನ್ನಿ

ನಿಜವಾದ ಕೆಲಸ ಇರುವುದು ಇಲ್ಲಿ, ಅರ್ಧ ಮಧ್ಯಾಹ್ನ ಇದಕ್ಕೇ ಹೋಗುತ್ತದೆ. ಆಯಾ ಭಾಷೆಯ ದಿನಪತ್ರಿಕೆಯ ತಾಣದಲ್ಲಿ ಪದವನ್ನು ಹುಡುಕಿ, ಇಡೀ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿ: ಅವಕಾಶ ಯಾರದು? ಏತಕ್ಕೆ? ಯಾವ ಕ್ರಿಯಾಪದದೊಡನೆ?

ಹಿಂದಿ. ‘ಮುಝೆ ಅವಕಾಶ್ ಮಿಲಾ’ ಎಂಬ ವಾಕ್ಯವನ್ನು ಪದಕ್ಕೆ ಪದ ಇಟ್ಟು ಓದಿದರೆ ‘ನನಗೆ ಅವಕಾಶ ಸಿಕ್ಕಿತು’. ಅದರ ನಿಜವಾದ ಅರ್ಥ: ನನಗೆ ರಜೆ ಸಿಕ್ಕಿತು. ಚೌಕಟ್ಟು ತದ್ರೂಪ, ಒಳಗಿನ ಚಿತ್ರ ಬೇರೆ. ಕನ್ನಡಿಗರನ್ನು ಅತಿ ಹೆಚ್ಚು ಮೋಸ ಮಾಡುವುದು ಇಂಥ ವಾಕ್ಯಗಳೇ. ವ್ಯಾಕರಣ ಹೊಂದಿಕೊಂಡುಬಿಡುವುದರಿಂದ ಅನುಮಾನವೇ ಬರುವುದಿಲ್ಲ. ‘ವೇ ಅವಕಾಶ್ ಪರ್ ಹೈಂ’ ಎಂದರೆ ಅವರು ರಜೆಯ ಮೇಲಿದ್ದಾರೆ. ಬ್ಯಾಂಕು, ರೈಲ್ವೆಗಳ ಹಿಂದಿ ಅರ್ಜಿಗಳಲ್ಲಿ ‘ಆಕಸ್ಮಿಕ್ ಅವಕಾಶ್’ ಕಂಡಿರಬಹುದು. ಅದು ಅದೃಷ್ಟದಿಂದ ಬಂದ ಸಂದರ್ಭವಲ್ಲ, ಸಾಂದರ್ಭಿಕ ರಜೆ. ‘ಅವಕಾಶ್‌ಪ್ರಾಪ್ತ್’ ಎಂದರೆ ಅವಕಾಶ ಪಡೆದವರಲ್ಲ, ನಿವೃತ್ತರು. ಪದ ಪುಲ್ಲಿಂಗವಾದ್ದರಿಂದ ‘ಲಂಬಾ ಅವಕಾಶ್’, ‘ಲಂಬೀ’ ಅಲ್ಲ. ನಮ್ಮಲ್ಲಿ ಇದು ನಪುಂಸಕಲಿಂಗ, ವಿಶೇಷಣ ಬದಲಾಗುವುದೂ ಇಲ್ಲ. ಆ ತಲೆನೋವು ನಮಗಿಲ್ಲ. ಆದರೆ ಇದು ಬರಹದ ಹಿಂದಿ ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿ. ಮನೆಮಾತಿನಲ್ಲಿ ಅವರು ‘ಛುಟ್ಟೀ’ ಎನ್ನುತ್ತಾರೆ.

ಮಲಯಾಳಂ. ‘ಎನಿಕ್ಕ್ ಅವಕಾಶಮುಂಡ್’. ಮತ್ತೆ ಅದೇ ಚೌಕಟ್ಟು: ನನಗೆ, ಅವಕಾಶ, ಇದೆ. ಅರ್ಥ, ನನಗೆ ಹಕ್ಕಿದೆ. ಮೌಲಿಕಾವಕಾಶಂ ಎಂದರೆ ಮೂಲಭೂತ ಹಕ್ಕು, ಮನುಷ್ಯಾವಕಾಶಂ ಎಂದರೆ ಮಾನವ ಹಕ್ಕು, ಮಾಹಿತಿ ಹಕ್ಕು ಕಾಯ್ದೆ ಅಲ್ಲಿ ‘ವಿವರಾವಕಾಶ ನಿಯಮಂ’. ಯಾವುದರ ಮೇಲಿನ ಹಕ್ಕು ಎಂಬುದಕ್ಕೆ ಸಪ್ತಮಿ: ‘ಸ್ವತ್ತಿಲ್ ಅವಕಾಶಂ’, ಸ್ವತ್ತಿನಲ್ಲಿ ಹಕ್ಕು. ಏನು ಮಾಡುವ ಹಕ್ಕು ಎಂಬುದಕ್ಕೆ ‘ಜೀವಿಕ್ಕಾನುಳ್ಳ ಅವಕಾಶಂ’, ಜೀವಿಸುವುದಕ್ಕಿರುವ ಹಕ್ಕು. ಪದಕ್ಕೆ ‘ಪ್ಪೆಡುಗ’ ಸೇರಿಸಿ ಕ್ರಿಯಾಪದವನ್ನೂ ಮಾಡಿಕೊಂಡಿದ್ದಾರೆ. ‘ಅವಕಾಶಪ್ಪೆಟ್ಟು’ ಎಂದರೆ ಹಾಗೆಂದು ಹೇಳಿಕೊಂಡರು, ಪ್ರತಿಪಾದಿಸಿದರು. ಕನ್ನಡದಲ್ಲಿ ‘ಅವಕಾಶಪಟ್ಟರು’ ಎಂದು ಹೇಳಿ ನೋಡಿ, ನಾಲಿಗೆಯೇ ಒಪ್ಪುವುದಿಲ್ಲ. ಹಿಂದೆ ಕೇರಳದ ಒಂದು ಪತ್ರಿಕೆಯ ಪ್ರಕಟಣೆಯಲ್ಲಿ ‘ಅವಕಾಶಿಗಳ್’ ಎಂಬುದನ್ನು ನಾನು ‘ಅವಕಾಶ ಕೋರಿ ಅರ್ಜಿ ಹಾಕಿದವರು’ ಎಂದು ಓದಿ, ಉದ್ಯೋಗದ ಜಾಹೀರಾತೆಂದು ಬಗೆದಿದ್ದೆ. ಅದು ತೀರಿಕೊಂಡವರ ಆಸ್ತಿಯ ವಾರಸುದಾರರ ಪಟ್ಟಿ.

ತೆಲುಗು. ‘ನಾಕು ಒಕ ಅವಕಾಶಂ ಇವ್ವಂಡಿ’, ನನಗೊಂದು ಅವಕಾಶ ಕೊಡಿ. ಅಬ್ಬಾ, ನಮ್ಮ ಮನೆ ಎಂದುಕೊಂಡು ಇಲ್ಲಿ ಮೈಮರೆಯಬೇಡಿ. ‘ವರ್ಷಂ ಪಡೇ ಅವಕಾಶಂ ಉಂದಿ’ ಎಂಬ ಹವಾಮಾನ ಸುದ್ದಿಯನ್ನು ನೋಡಿ. ಮಳೆ ಬೀಳುವ ಸಾಧ್ಯತೆ ಇದೆ ಎಂದರ್ಥ. ತೆಲುಗಿನ ಅವಕಾಶಂ ಸಂಭವವನ್ನೂ ಹೇಳುತ್ತದೆ, ಅವಕಾಶ ಪಡೆಯುವವರು ಜೀವಂತರೇ ಆಗಿರಬೇಕಿಲ್ಲ. ಕನ್ನಡದಲ್ಲಿ ‘ಹಾಡುವ ಅವಕಾಶ’ ಸರಿ, ಏಕೆಂದರೆ ಹಾಡುವವರೊಬ್ಬರಿದ್ದಾರೆ. ‘ಮಳೆ ಬೀಳುವ ಅವಕಾಶ’ ಎಂದರೆ ಮಳೆರಾಯ ಬಹುಕಾಲದಿಂದ ಅರ್ಜಿ ಹಾಕಿಕೊಂಡು ಕಾಯುತ್ತಿದ್ದ ಹಾಗೆ ಕೇಳಿಸುತ್ತದೆ. ತೆಲುಗಿನಿಂದ ಅವಸರದಲ್ಲಿ ಅನುವಾದವಾದ ಬರಹಗಳಲ್ಲಿ ಈ ಮಳೆರಾಯ ಆಗಾಗ ಕಾಣಿಸಿಕೊಳ್ಳುತ್ತಾನೆ.

ತಮಿಳು. ‘ಬದಿಲ್ ಅಳಿಕ್ಕ ಒರು ವಾರಂ ಅವಗಾಸಂ’, ಉತ್ತರ ಕೊಡಲು ಒಂದು ವಾರದ ಕಾಲಾವಕಾಶ. ನಾವು ‘ಕಾಲ’ವನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಅವರು ‘ಕಾಲ ಅವಗಾಸಂ’ ಎಂದೂ ಬರೆಯುತ್ತಾರೆ, ಬರಿಯ ‘ಅವಗಾಸಂ’ ಎಂದರೂ ಗಡುವೇ. ನ್ಯಾಯಾಲಯದ ಸುದ್ದಿಗಳಲ್ಲಿ ಇದು ದಿನಾ ಬರುತ್ತದೆ.

ಮರಾಠಿ. ‘ಅವಕಾಶ್‌ಯಾನ್’ ಎಂದರೆ ಬಾಹ್ಯಾಕಾಶ ನೌಕೆ. ಎಡೆ ಎಂಬ ಹಳೆಯ ಅರ್ಥ ಹಿಗ್ಗುತ್ತಾ ಹೋಗಿ ಭೂಮಿಯಿಂದಾಚೆಗೆ ದಾಟಿದೆ. ಗುಜರಾತಿಯಲ್ಲೂ ಹಾಗೆಯೇ. ಜೊತೆಗೆ ‘ಅಜೂನ್ ಅವಕಾಶ್ ಆಹೆ’ ಎಂದರೆ ಇನ್ನೂ ಸಮಯವಿದೆ. ವ್ಯಾಕರಣದಲ್ಲಿ ಒಂದು ಸೂಕ್ಷ್ಮವಿದೆ: ಪ್ರತ್ಯಯ ಸೇರುವ ಮೊದಲು ಪದ ‘ಅವಕಾಶಾ’ ಎಂದು ಹಿಗ್ಗಿ, ‘ಅವಕಾಶಾತ್’ (ಬಾಹ್ಯಾಕಾಶದಲ್ಲಿ) ಆಗುತ್ತದೆ. ಪ್ರತ್ಯಯ ಹೊರಲು ಸಿದ್ಧವಾದ ಈ ರೂಪವನ್ನು ಮರಾಠಿ ವ್ಯಾಕರಣದಲ್ಲಿ ಸಾಮಾನ್ಯರೂಪ ಎನ್ನುತ್ತಾರೆ. ಬಾಹ್ಯಾಕಾಶಕ್ಕೆ ಮರಾಠಿಯ ಇನ್ನೊಂದು ಪದ ‘ಅಂತರಾಳ್’. ನಮಗೆ ಅಂತರಾಳ ಎಂದರೆ ಮನಸ್ಸಿನ ಒಳಗು, ದೇವಸ್ಥಾನದಲ್ಲಾದರೆ ಗರ್ಭಗುಡಿಯ ಮುಂದಿನ ಚಿಕ್ಕ ಅಂಕಣ. ಅವರಿಗೋ ರಾಕೆಟ್ ಹೋಗುವ ಜಾಗ.

ಬಂಗಾಳಿ. ‘ಶೊಂದೇಹೇರ್ ಒಬೊಕಾಶ್ ನೇಯಿ’, ಸಂದೇಹಕ್ಕೆ ಎಡೆಯಿಲ್ಲ. ಕನ್ನಡದ ‘ಸಂಶಯಕ್ಕೆ ಅವಕಾಶವಿಲ್ಲ’ದ ಅವಳಿ ಇದು, ಒಂದೇ ವ್ಯತ್ಯಾಸ: ನಾವು ಚತುರ್ಥಿ ಹಾಕುತ್ತೇವೆ (ಸಂಶಯಕ್ಕೆ), ಅವರು ಷಷ್ಠಿ ಹಾಕುತ್ತಾರೆ (ಸಂದೇಹದ). ಹಿಂದಿಯಲ್ಲಿ ಈ ಜಾಗಕ್ಕೆ ಅವಕಾಶ್ ಸಾಮಾನ್ಯವಾಗಿ ಬರುವುದಿಲ್ಲ, ಫಾರಸಿಯಿಂದ ಬಂದ ‘ಗುಂಜಾಯಿಶ್’ ಬರುತ್ತದೆ. ಬಂಗಾಳಿಯಲ್ಲಿ ಬಿಡುವಿಗೂ ಇದೇ ಒಬೊಕಾಶ್.

ಈ ಹಂತದ ಎಚ್ಚರಿಕೆ: ನಿಘಂಟಿನಲ್ಲಿ ಒಂದೇ ನಮೂದಿಗೆ ಆರು ಅರ್ಥ ಸಿಗುತ್ತವೆ. ಆರನ್ನೂ ಬರೆದುಕೊಂಡರೆ ಎಲ್ಲ ಭಾಷೆಗಳೂ ಒಂದೇ ಥರ ಕಾಣತೊಡಗುತ್ತವೆ, ಏಕೆಂದರೆ ಸಂಸ್ಕೃತದ ಹಳೆಯ ಅರ್ಥಗಳನ್ನು ನಿಘಂಟುಕಾರರು ಎಲ್ಲ ಕಡೆಯೂ ಉಳಿಸಿರುತ್ತಾರೆ. ಇವತ್ತಿನ ಪತ್ರಿಕೆಯಲ್ಲಿ ಯಾವುದು ನಡೆಯುತ್ತಿದೆಯೋ ಅದನ್ನು ಮೇಲೆ ಬರೆಯಿರಿ, ಉಳಿದದ್ದನ್ನು ಕೆಳಗೆ ಸಣ್ಣಕ್ಷರದಲ್ಲಿ.

5. ಖಾಲಿಯಾದ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ನೋಡಿ

ಹೆಚ್ಚಿನವರು ನಾಲ್ಕನೆಯ ಹಂತಕ್ಕೆ ನಿಲ್ಲಿಸಿಬಿಡುತ್ತಾರೆ. ನನ್ನನ್ನು ಕೇಳಿದರೆ ಅಸಲು ಸ್ವಾರಸ್ಯ ಶುರುವಾಗುವುದೇ ಆಮೇಲೆ. ಮಲಯಾಳಂನಲ್ಲಿ ಅವಕಾಶಂ ಎದ್ದು ಹೋಗಿ ಹಕ್ಕಿನ ಕುರ್ಚಿಯಲ್ಲಿ ಕುಳಿತ ಮೇಲೆ, ನಮ್ಮ ‘ಅವಕಾಶ’ದ ಕುರ್ಚಿ ಅಲ್ಲಿ ಖಾಲಿ ಇರಲು ಸಾಧ್ಯವಿಲ್ಲವಷ್ಟೆ? ಅಲ್ಲಿ ಯಾರಿದ್ದಾರೆ?

ಪ್ರಸ್ತಾವನೆ ಕೆಲಸಕ್ಕೆ ಬರುವುದು ಈಗ. 1949ರ ನವೆಂಬರ್ 26ರಂದು ಅಂಗೀಕಾರವಾದ ಆ ಒಂದೇ ವಾಕ್ಯ ನಮ್ಮೆಲ್ಲ ಭಾಷೆಗಳಲ್ಲೂ ಇದೆ, ಅರ್ಥದಲ್ಲಿ ಅತ್ತಿತ್ತ ಅಲುಗಾಡುವಂತಿಲ್ಲ. ಸ್ಥಾನಮಾನದಲ್ಲಿ ಮತ್ತು ಅವಕಾಶದಲ್ಲಿ ಸಮಾನತೆ ಎಂಬ ಭಾಗವನ್ನು ಹುಡುಕಿ. ಕನ್ನಡ, ತೆಲುಗುಗಳಲ್ಲಿ ‘ಅವಕಾಶ’ ಇದೆ. ಹಿಂದಿಯಲ್ಲೂ ಮಲಯಾಳಂನಲ್ಲೂ ಇರುವುದು ‘ಅವಸರ’! ತಮಿಳಿನಲ್ಲಿ ‘ವಾಯ್ಪ್ಪು’, ಬಂಗಾಳಿಯಲ್ಲಿ ‘ಸುಯೋಗ’, ಮರಾಠಿಯಲ್ಲಿ ‘ಸಂಧಿ’. ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡಿದ ನಮಗೆ ಸಂಧಿಯ ಸಮಾನತೆ ಎಂದರೆ ನಗು ಬರಬಹುದು. ಮರಾಠಿಗರಿಗೆ ಸಂಧಿ ದಿನಬಳಕೆಯ ಸ್ತ್ರೀಲಿಂಗ ಪದ, ಒದಗಿಬಂದ ಸಂದರ್ಭ.

ಅವಸರದ ಕಡೆ ಒಂದಿಷ್ಟು ಹೊತ್ತು ನಿಲ್ಲಲೇಬೇಕು. ಸಂಸ್ಕೃತದಲ್ಲಿ ಅವಸರ ಮತ್ತು ಅವಕಾಶ ಅಕ್ಕಪಕ್ಕದ ಮನೆಯವು, ಎರಡಕ್ಕೂ ‘ತಕ್ಕ ಸಮಯ, ಸಂದರ್ಭ’ ಎಂಬ ಅರ್ಥವಿದೆ. ಹಿಂದಿ, ಮಲಯಾಳಂ ಅದನ್ನು ಹಾಗೆಯೇ ಉಳಿಸಿಕೊಂಡವು. ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ‘ನಾಕು ಡಬ್ಬು ಅವಸರಂ’ ಎಂದವರು ಆತುರಪಡುತ್ತಿಲ್ಲ, ಅವರಿಗೆ ಹಣ ಬೇಕಾಗಿದೆ, ಅಷ್ಟೆ. ಅಲ್ಲಿ ಅದು ಕ್ರಿಯಾಪದದ ಹಂಗಿಲ್ಲದೆ ನಮ್ಮ ‘ಬೇಕು’ವಿನಂತೆ ವಾಕ್ಯ ಮುಗಿಸುತ್ತದೆ, ‘ಅವಸರಮೈನ’ ಎಂದು ವಿಶೇಷಣವಾಗುತ್ತದೆ, ‘ಅವಸರಾಲು’ ಎಂದು ಬಹುವಚನವಾಗುತ್ತದೆ. ತಮಿಳಿನಲ್ಲಿ ಅವಸರಂ ಎಂದರೆ ತುರ್ತು. 1975ರ ತುರ್ತು ಪರಿಸ್ಥಿತಿ ಅವರಿಗೆ ‘ಅವಸರ ನಿಲೈ’. ಕನ್ನಡದಲ್ಲಿ ಗಡಿಬಿಡಿ. ಆದರೆ ನಮ್ಮಲ್ಲೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ: ಉಡುಪಿ ಶ್ರೀಕೃಷ್ಣ ಮಠದ ದೈನಂದಿನ ಪೂಜೆಗಳಲ್ಲಿ ‘ಅವಸರ ಸನಕಾದಿ ಪೂಜೆ’ ಎಂಬುದೊಂದಿದೆ. ಅದನ್ನು ಯಾರೂ ಗಡಿಬಿಡಿಯಲ್ಲಿ ಮುಗಿಸುವುದಿಲ್ಲ.

ಕುರ್ಚಿಗಳ ಲೆಕ್ಕ ಮುಂದುವರಿಸಿ. ಹಕ್ಕಿನ ಕುರ್ಚಿಯಲ್ಲಿ ಮಲಯಾಳಂ ಅವಕಾಶವನ್ನು ಕೂರಿಸಿದರೆ, ಹಿಂದಿ ಅಧಿಕಾರವನ್ನು, ತಮಿಳು ‘ಉರಿಮೈ’ಯನ್ನು ಕೂರಿಸಿದೆ, ಕನ್ನಡ, ತೆಲುಗುಗಳು ಅರಬ್ಬಿಯಿಂದ ಬಂದ ಹಕ್ಕನ್ನು ಕೂರಿಸಿವೆ. ರಜೆಯ ಕುರ್ಚಿಯಲ್ಲಿ ಹಿಂದಿಯ ಅವಕಾಶ್ ಇದ್ದರೆ, ಮಲಯಾಳಂನಲ್ಲಿ ‘ಅವಧಿ’ ಇದೆ. ನಮ್ಮ ‘ರಜೆ’ ಅರಬ್ಬಿ-ಫಾರಸಿಯ ‘ರಜಾ’, ಅಂದರೆ ಒಪ್ಪಿಗೆ. ಮೇಲಧಿಕಾರಿಯ ಒಪ್ಪಿಗೆಯೇ ನಮಗೆ ರಜೆಯಾಯಿತು.

ಇಷ್ಟಾದ ಮೇಲೆ ‘ಅವರೇಕೆ ಪದವನ್ನು ತಪ್ಪಾಗಿ ಬಳಸುತ್ತಾರೆ’ ಎಂಬ ಪ್ರಶ್ನೆ ತಾನಾಗಿ ಉದುರಿಹೋಗುತ್ತದೆ. ಒಂದು ಪದ ಜರುಗಿದರೆ ಪಕ್ಕದ ಪದವೂ ಜರುಗಲೇಬೇಕು. ಅದಕ್ಕೇ ಒಂದು ಪದವನ್ನು ಮಾತ್ರ ಕಿತ್ತು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

6. ಸಮಾಸಗಳ ಮೂಲೆ ಗುಡಿಸಿ

ಬಿಡಿ ಪದ ಅರ್ಥ ಬದಲಿಸಿದರೂ ಸಮಾಸಗಳಲ್ಲಿ (ಎರಡು ಪದ ಸೇರಿ ಒಂದಾದ ರೂಪ) ಹಳೆಯ ಅರ್ಥ ಹೆಪ್ಪುಗಟ್ಟಿ ಉಳಿದಿರುತ್ತದೆ. ನಮ್ಮ ಸ್ಥಳಾವಕಾಶದಲ್ಲಿ ಸಂಸ್ಕೃತದ ಎಡೆ ಇದೆ, ಕಾಲಾವಕಾಶದಲ್ಲಿ ತಮಿಳಿನ ಗಡುವು ಇದೆ. ಎಲ್ಲಕ್ಕಿಂತ ಚಂದ ಸಾವಕಾಶ: ಸ ಮತ್ತು ಅವಕಾಶ, ಅಂದರೆ ಬಿಡುವಿನೊಡನೆ. ಕನ್ನಡದಲ್ಲೂ ಮರಾಠಿಯಲ್ಲೂ ಅದು ನಿಧಾನ. ತೆಲುಗಿನಲ್ಲಿ ‘ಸಾವಕಾಶಂಗಾ’ ಎಂದರೆ ಬಿಡುವಾಗಿ. ಅವಕಾಶವನ್ನು ಹಕ್ಕು ಮಾಡಿಕೊಂಡ ಮಲಯಾಳಂ ಕೂಡ ‘ಸಾವಕಾಶಂ’ ಎಂಬುದನ್ನು ಮುಟ್ಟಿಲ್ಲ; ಅಲ್ಲೂ ಅದು ನಿಧಾನವೇ, ‘ಹಕ್ಕಿನೊಡನೆ’ ಅಲ್ಲ.

ಈಗ ಐದನೆಯ ಹಂತದ ಪುಟದ ಪಕ್ಕ ಇದನ್ನಿಟ್ಟು ನೋಡಿ. ಸಂಸ್ಕೃತದಲ್ಲಿ ನೆರೆಹೊರೆಯಾಗಿದ್ದ ಎರಡು ಪದಗಳಲ್ಲಿ ಒಂದು ಕನ್ನಡಕ್ಕೆ ಬಂದು ‘ಅವಸರ’ವಾಯಿತು, ಇನ್ನೊಂದರಿಂದ ‘ಸಾವಕಾಶ’ ಬಂತು. ‘ಅವಸರ ಬೇಡ, ಸಾವಕಾಶವಾಗಿ ಬನ್ನಿ’ ಎಂದು ನಾವು ದಿನಾ ಹೇಳುವಾಗ ಆ ಹಳೆಯ ನೆರೆಹೊರೆಯವರನ್ನು ಎದುರುಬದುರು ನಿಲ್ಲಿಸುತ್ತಿರುತ್ತೇವೆ. ಇದನ್ನು ನಾನು ಮೊದಲು ಗಮನಿಸಿದ ದಿನ ಉಳಿದ ಕೆಲಸ ನಿಂತೇ ಹೋಯಿತು.

7. ಆಡುವವರನ್ನು ಕೇಳಿ, ಆದರೆ ಅರ್ಥ ಕೇಳಬೇಡಿ

‘ನಿಮ್ಮಲ್ಲಿ ಅವಕಾಶಂ ಎಂದರೆ ಏನು?’ ಎಂದು ಕೇಳಿದರೆ ಜನ ನಿಮ್ಮನ್ನು ಮೆಚ್ಚಿಸುವ ಉತ್ತರ ಕೊಡುತ್ತಾರೆ, ಇಲ್ಲವೇ ಇಂಗ್ಲಿಷ್ ಪದವೊಂದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸನ್ನಿವೇಶ ಕೊಡಿ. ತಮಿಳು ಗೆಳೆಯರಿಗೆ: ‘ಶುಲ್ಕ ಕಟ್ಟಲು ಇನ್ನೊಂದು ವಾರ ಬೇಕು ಎಂದು ಪತ್ರ ಬರೆಯಬೇಕು. ಹೇಗೆ ಬರೆಯುತ್ತೀರಿ?’ ಹಿಂದಿಯವರಿಗೆ: ‘ದೀಪಾವಳಿಗೆ ಬ್ಯಾಂಕು ಮುಚ್ಚಿದರೆ ಬಾಗಿಲ ಮೇಲೆ ಏನು ಬರೆದಿರುತ್ತದೆ?’ ಮಲಯಾಳಂ ಆಡುವವರಿಗೆ: ‘ತಂದೆಯ ಮನೆಯಲ್ಲಿ ನನಗೂ ಪಾಲಿದೆ ಎಂದು ತಂಗಿ ಜಗಳವಾಡಿದರೆ ಯಾವ ಮಾತು ಬರುತ್ತದೆ?’ ಬೇಕಾದ ಪದ ತಾನಾಗಿ ಬಂದರೆ ಗೆದ್ದಿರಿ. ಬಾರದಿದ್ದರೂ ಲಾಭವೇ: ಅದು ಬರಹದ ಪದ ಮಾತ್ರ ಎಂದು ತಿಳಿಯಿತು. ನಮ್ಮಲ್ಲೂ ‘ಒಂದು ಚಾನ್ಸ್ ಕೊಡಿ’ ಎನ್ನುವವರೇ ಹೆಚ್ಚಲ್ಲವೇ?

ಯಂತ್ರಾನುವಾದವನ್ನು ಈ ಹಂತದಲ್ಲಿ ಸಾಕ್ಷಿಯಾಗಿ ಕರೆಯಬೇಡಿ. ಇಂಗ್ಲಿಷಿನಲ್ಲಿ ರಜೆಗೂ ‘ಬಿಟ್ಟು ಹೋಗು’ ಎಂಬುದಕ್ಕೂ ಒಂದೇ ಪದ, ಹಕ್ಕಿಗೂ ‘ಬಲಗಡೆ’ಗೂ ಒಂದೇ ಪದ. ನಿಮ್ಮ ಅವಕಾಶ ಇಂಗ್ಲಿಷಿನ ಓಣಿಯಲ್ಲಿ ಹಾದು ಬಂದರೆ ಯಾವ ಬಾಗಿಲಿನಿಂದ ಹೊರಬರುತ್ತದೆ ಎಂದು ಹೇಳಲಾಗದು.

8. ಒಂದು ಪುಟಕ್ಕೆ ಇಳಿಸಿ

ಕೊನೆಗೆ ಭಾಷೆಗೊಂದು ಸಾಲಿನಂತೆ ನಾಲ್ಕು ಅಂಕಣ ಮಾಡಿ: ರೂಪ, ಇಂದಿನ ಮುಖ್ಯ ಅರ್ಥ, ವಾಕ್ಯದ ಚೌಕಟ್ಟು, ನಮ್ಮ ಅರ್ಥಕ್ಕೆ ಅಲ್ಲಿರುವ ಪದ. ಮಲಯಾಳಂನ ಸಾಲು ಹೀಗಿರುತ್ತದೆ: ಅವಕಾಶಂ; ಹಕ್ಕು; ‘ಒಬ್ಬರಿಗೆ ಒಂದರಲ್ಲಿ ಅವಕಾಶಂ ಉಂಡ್ (ಇದೆ)’; ಅವಸರಂ. ಮೂರನೆಯ ಅಂಕಣವನ್ನು ಖಾಲಿ ಬಿಟ್ಟವರ ಪಟ್ಟಿಯನ್ನು ನಾನು ಒಪ್ಪುವುದಿಲ್ಲ.

ಕೈ ಪಳಗಲು ಕೆಲವು ಪದಗಳು: ಉಪನ್ಯಾಸ (ಹಿಂದಿ ಪುಸ್ತಕದಂಗಡಿಯಲ್ಲಿ ಕೇಳಿ ನೋಡಿ, ಕಾದಂಬರಿ ಕೈಗಿಡುತ್ತಾರೆ), ಶಿಕ್ಷೆ (ಹಿಂದಿ ಮತ್ತು ಮರಾಠಿಗಳನ್ನು ಪಕ್ಕಪಕ್ಕ ಇಡಿ), ಚೇಷ್ಟೆ (ಬಂಗಾಳಿಗರು ಇದನ್ನು ಮಾಡದವರನ್ನು ಸೋಮಾರಿ ಎನ್ನುತ್ತಾರೆ), ಆತುರ (ಮಲಯಾಳಂನಲ್ಲಿ ಆತುರಾಲಯಂ ಎಂದರೇನು ಹುಡುಕಿ, ಆಮೇಲೆ ಸಂಸ್ಕೃತಕ್ಕೆ ಹೋಗಿ). ಹೊಸಬರು ಸಂಸಾರದಿಂದ ಶುರು ಮಾಡುವುದು ಸುಲಭ. ಕೇರಳದವರೊಬ್ಬರು ‘ನಿಙ್ಙಳೋಡ್ ಸಂಸಾರಿಕ್ಕಣಂ’ ಎಂದರೆ ಗಾಬರಿಯಾಗಬೇಡಿ. ಅವರಿಗೆ ನಿಮ್ಮೊಡನೆ ಒಂದೆರಡು ಮಾತು ಆಡಬೇಕಾಗಿದೆ, ಅಷ್ಟೆ.